ರಕಿಯಾಳಿಗೆ ನಾನು ಕಲಿಸಿದ ಕೆಲಸ

ಚನ್ನಗಿರಿ ಹತ್ತಿರದ ನಮ್ಮ ಕ್ಯಾಂಪಿನಿಂದ ಈ ವರ್ಷವೂ ನಾಲ್ಕಾರು ಜೋಡಿಗಳು ಆಫ್ರಿಕಕ್ಕೆ ಹೊರಟಿವೆ. ಹೊರಡುವ ಮೊದಲು ಹೆಣ್ಣುಮಕ್ಕಳು ನನ್ನ ಜಗುಲಿಗೆ ಬಂದು ಕೂರುತ್ತಾರೆ. ಅಲ್ಲಿ ಅಕ್ಕಿ ಸಿಗುತ್ತದೆಯೇ, ಪೊಲೀಸರು ಕಾಟ ಕೊಡುತ್ತಾರೆಯೇ, ಎಣ್ಣೆ ಬಾಟಲಿ ವಿಮಾನದಲ್ಲಿ ಸೋರದ ಹಾಗೆ ಹೇಗೆ ಕಟ್ಟಬೇಕು ಎಂದೆಲ್ಲ ಕೇಳುತ್ತಾರೆ. ಎದ್ದು ಹೋಗುವ ಹೊತ್ತಿಗೆ ಅವರಲ್ಲೊಬ್ಬಳು ದನಿ ತಗ್ಗಿಸಿ, "ಅಲ್ಲಿ ಬಂದೂಕಿನೋರು ಅದಾರಂತಲ್ಲ ಚಿಕ್ಕಮ್ಮ, ಹೌದಾ?" ಅನ್ನುತ್ತಾಳೆ. ಗಂಡಸರು ಹತ್ತಿರವಿದ್ದರೆ ಆ ಮಾತನ್ನು ನಕ್ಕು ತೇಲಿಸಿಬಿಡುತ್ತಾರೆ. ನನಗೆ ತೇಲಿಸಲು ಆಗುವುದಿಲ್ಲ, ಬಾಯಿಬಿಟ್ಟು ಪೂರ್ತಿ ಹೇಳಲೂ ಆಗುವುದಿಲ್ಲ. ಏಳನೇ ತರಗತಿಯವರೆಗೆ ಆಶ್ರಮಶಾಲೆಯಲ್ಲಿ ಕಲಿತ ಕನ್ನಡ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯಲು ಕೂತಿದ್ದೇನೆ. ತಪ್ಪುಗಳನ್ನು ಮೊಮ್ಮಗಳು ತಿದ್ದಿದ್ದಾಳೆ.

ನಾವು ಹಕ್ಕಿಪಿಕ್ಕಿಗಳು. ಮನೆಯೊಳಗೆ ವಾಗ್ರಿ ಮಾತು, ಹೊಸಿಲು ದಾಟಿದರೆ ಕನ್ನಡ. ಬೇಟೆ ನಿಂತ ಮೇಲೆ ನಮ್ಮ ಹಿರಿಯರು ಪಿನ್ನು, ಮಣಿಸರ, ಬಣ್ಣದ ಹೂವು ಮಾರಿದರು. ಆಮೇಲೆ ಗಿಡಮೂಲಿಕೆಯ ಎಣ್ಣೆ ಬಂತು. ನನ್ನ ಗಂಡನ ಹೆಸರು ಜಪಾನ್. ನಮ್ಮಲ್ಲಿ ಹಿಂದೆ ಮಕ್ಕಳಿಗೆ ಕಿವಿಗೆ ಬಿದ್ದ ಚೆಂದದ ಹೆಸರನ್ನೆಲ್ಲ ಇಡುತ್ತಿದ್ದರು. ಪಾಸ್‌ಪೋರ್ಟ್ ಕಚೇರಿಯಲ್ಲಿ ಗುಮಾಸ್ತರು ಇವರ ಅರ್ಜಿ ನೋಡಿ, ಹೆಸರು ಬರೆಯುವ ಕಡೆ ಹೋಗುವ ದೇಶ ಬರೆದಿದ್ದೀರಿ, ತಿದ್ದಿಕೊಂಡು ಬನ್ನಿ ಎಂದು ಸಾಲಿನ ಕೊನೆಗೆ ಕಳಿಸಿದ್ದರು. ಪಾಪ, ಇವರು ಮತ್ತೆ ಸಾಲು ನಿಂತು ಅದೇ ಅರ್ಜಿ ಕೊಟ್ಟರು.

ಈ ಕೆಲಸ ನನಗೆ ಕಲಿಸಿದವಳು ಸೋದರತ್ತೆ ಗೌರಮ್ಮ. ಮದುವೆಯಾದ ಹೊಸತರಲ್ಲಿ ಅವಳ ಹಿಂದೆ ಸಂತೇಬೆನ್ನೂರು, ಹೊನ್ನಾಳಿ, ನ್ಯಾಮತಿ, ಅತ್ತ ಜಗಳೂರಿನವರೆಗೆ ಸಂತೆ ಸಂತೆ ತಿರುಗಿದ್ದೇನೆ. ಮೆಣಸಿನಕಾಯಿ ರಾಶಿಯ ಪಕ್ಕ ಗೋಣಿತಾಟು ಹಾಸಿ ಕೂತರೆ ಅವಳು ಕೂಗುತ್ತಿರಲಿಲ್ಲ. ಹಾದು ಹೋಗುವ ಹೆಂಗಸರ ನಡಿಗೆ ನೋಡಿ, ಯಾರಿಗೆ ಸೊಂಟ ಹಿಡಿದಿದೆ ಎಂದು ಗುರುತಿಸಿ, ಕೈಸನ್ನೆ ಮಾಡಿ ಕೂರಿಸಿಕೊಳ್ಳುತ್ತಿದ್ದಳು. ಎಣ್ಣೆ ಮಾರುವುದು ಆಮೇಲೆ, ಮೊದಲು ತಿಕ್ಕುವುದು. ಹೆಬ್ಬೆರಳು ಎಲ್ಲಿ ಒತ್ತಬೇಕು, ಅಂಗೈ ಎಲ್ಲಿ ಬರಿದೆ ಇಟ್ಟುಕೊಂಡು ಸುಮ್ಮನಿರಬೇಕು ಎಂಬುದನ್ನು ಅವಳು ನನ್ನ ಬೆನ್ನ ಮೇಲೇ ತೋರಿಸಿ ಕಲಿಸಿದಳು.

ಗೋವಿನಕೋವಿಯಲ್ಲಿ ಒಮ್ಮೆ ರೈತನೊಬ್ಬ ಊದಿಕೊಂಡ ಕಾಲು ಚಾಚಿ ಕೂತು, ದೊಡ್ಡ ಬಾಟಲಿಯೇ ಕೊಡು ಎಂದ. ಅತ್ತೆ ಕಾಲನ್ನು ಒತ್ತಿ ನೋಡಿದಳು. ಬೆರಳಿನ ಗುಳಿ ಹಾಗೇ ಉಳಿಯಿತು. ಬಾಟಲಿಯನ್ನು ಚೀಲದೊಳಗೆ ಹಾಕಿ, ಇದು ಎಣ್ಣೆಯ ಕೆಲಸವಲ್ಲ, ಈಗಲೇ ಆಸ್ಪತ್ರೆಗೆ ಹೋಗಪ್ಪ ಎಂದಳು. ಅವನು ಬೈದು ಎದ್ದು ಹೋದ. ಬಂದ ಗಿರಾಕಿಯನ್ನು ಕಳಿಸಿದ್ದಕ್ಕೆ ನನಗೂ ಸಿಟ್ಟು ಬಂದಿತ್ತು. ದಾರಿಯಲ್ಲಿ ಅತ್ತೆ ಹೇಳಿದಳು, "ಎಣ್ಣಿ ಇರೋದು ಕೂದ್ಲಿಗೆ, ಕೈ ಇರೋದು ನೋವಿಗೆ. ರೋಗಕ್ಕೆ ದವಾಖಾನಿ ಐತೆ. ಅಷ್ಟು ಹೇಳಾಕೆ ನಾಚ್ಕಬ್ಯಾಡ." ಈಗಿನವರು ಫೋನಿನಲ್ಲಿ ವಿಡಿಯೊ ಮಾಡಿ, ಬೋಳುತಲೆಯಲ್ಲಿ ಕಾಡು ಬೆಳೆಸುವಂತೆ ಮಾತಾಡುತ್ತಾರೆ. ವ್ಯಾಪಾರ ಜೋರಿದೆ. ಅತ್ತೆ ಇದ್ದಿದ್ದರೆ ಫೋನು ಕಿತ್ತುಕೊಳ್ಳುತ್ತಿದ್ದಳು.

ಆಫ್ರಿಕಕ್ಕೆ ದಾರಿ ತೋರಿಸಿದವಳೂ ಅವಳೇ. ಎಷ್ಟೋ ದೇಶ ಸುತ್ತಿದ ಮೇಲೆ ನಾವು ನೆಲೆ ನಿಂತದ್ದು ನೈಜೀರಿಯಾದ ವಾಯುವ್ಯ ಮೂಲೆಯ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ನಾನು ಹೇಳುವ ಜನ ಇನ್ನೂ ಆ ಕಡೆ ಇದ್ದಾರೆ. ಮೊದಲ ಸಲ ಬಸ್ಸಿನ ಕಿಟಕಿಯಿಂದ ನೋಡಿದಾಗ ಜಗಳೂರಿನ ಕಡೆಯ ಬಯಲೇ ಎದುರಿಗೆ ಬಂದಂತಾಯಿತು. ಅದೇ ಕೆಂಪು ಧೂಳು, ಬೇವಿನ ಮರ, ಕುರಿ, ಸಜ್ಜೆಯ ಹೊಲ. "ಇಷ್ಟ್ ದೂರ ಯಾತಕ್ಕೆ ಬಂದ್ವಿ ಅಂತ" ಎಂದು ಇವರು ನಕ್ಕರು.

ನಮಗೆ ಬಾಡಿಗೆಗೆ ಕೋಣೆ ಕೊಟ್ಟ ವಿಧವೆಯನ್ನು ಊರವರು ಹಾಜಿಯಾ ಎನ್ನುತ್ತಿದ್ದರು. ಮೆಕ್ಕಾಕ್ಕೆ ಹೋಗಿಬಂದ ಹೆಂಗಸನ್ನು ಅಲ್ಲಿ ಹಾಗೆ ಕರೆಯುತ್ತಾರೆ. ದೊಡ್ಡ ಮಣ್ಣಿನ ಗೋಡೆ, ಒಳಗೆ ಅಂಗಳ, ಅಂಗಳದ ಸುತ್ತ ಕೋಣೆಗಳು, ನಮ್ಮದು ಹೊರಬಾಗಿಲ ಪಕ್ಕದ್ದು. ಅಲ್ಲಿನ ಎಷ್ಟೋ ಮನೆಗಳಲ್ಲಿ ಹೆಂಗಸರು ಹೊರಗೆ ಬರುವುದು ಕಡಿಮೆ, ಪರಗಂಡಸರು ಒಳಗೆ ಕಾಲಿಡುವಂತಿಲ್ಲ. ಆದ್ದರಿಂದ ನನ್ನ ಗಂಡ ಸಂತೆಯಲ್ಲಿ ಕೂದಲಿನ ಎಣ್ಣೆ ಮಾರಿದರೆ ನಾನು ಮನೆಗಳ ಒಳಗೆ ಹೋಗುತ್ತಿದ್ದೆ. ಮೊದಲ ವಾರವೇ ಎಡವಟ್ಟು ಮಾಡಿಕೊಂಡೆ. ಬಲಗೈಗೆ ಎಣ್ಣೆಯಾಗಿತ್ತೆಂದು ಒಬ್ಬ ಹಿರಿಯಳಿಗೆ ಎಡಗೈಯಲ್ಲಿ ಬಾಟಲಿ ಚಾಚಿದೆ. ಅವಳು ಮುಖ ತಿರುಗಿಸಿದಳು. ಹಾಜಿಯಾಳ ಮಗಳು ರಕಿಯಾ ಜೊತೆಗಿದ್ದಳು. ಅವಳು ಬಾಟಲಿಯನ್ನು ನನ್ನಿಂದ ತೆಗೆದುಕೊಂಡು, ಬಲಗೈಯಲ್ಲಿ, ಮಂಡಿ ಬಗ್ಗಿಸಿ ಕೊಟ್ಟು, ಇವಳ ಊರಲ್ಲಿ ಎಡಗೈಗೂ ಮರ್ಯಾದೆ ಇರಬೇಕು, ಕ್ಷಮಿಸಿ ಎಂದಳು. ಎಲ್ಲರೂ ನಕ್ಕರು. ನಮ್ಮೂರಲ್ಲೂ ಇಲ್ಲ ಎಂದು ಆಮೇಲೆ ಅವಳಿಗೆ ಹೇಳಿದೆ.

ರಕಿಯಾಳಿಗೆ ಆಗ ಇಪ್ಪತ್ತರ ಮೇಲೆ ವಯಸ್ಸು. ಮದುವೆ ಮುರಿದು ತಾಯಿಯ ಮನೆಗೆ ಬಂದಿದ್ದಳು. ಸುಮ್ಮನೆ ಕೂರುವ ಹೆಣ್ಣಲ್ಲ. ನಾನು ಯಾರ ಬೆನ್ನು ತಿಕ್ಕಿದರೂ ಪಕ್ಕದಲ್ಲಿ ಕೂತು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಕಲಿಸು ಎಂದಳು, ಕಲಿಸಿದೆ. ಅತ್ತೆ ನನಗೆ ಹೇಗೆ ಕಲಿಸಿದ್ದಳೋ ಹಾಗೇ, ನನ್ನ ಬೆನ್ನು, ಅವಳ ಬೆನ್ನು. ಅವಳ ಕೈ ನನ್ನದಕ್ಕಿಂತ ಹಗುರವಾಗಿತ್ತು. ಎರಡನೇ ವರ್ಷಕ್ಕೆ ಹೆಂಗಸರು ನನ್ನನ್ನು ಬಿಟ್ಟು ಅವಳನ್ನು ಕೇಳುವಂತಾದರು. ಹಾಜಿಯಾ ಅಡಿಗೆ ಮಾಡುತ್ತ ಇದನ್ನೆಲ್ಲ ಕೇಳಿಸಿಕೊಂಡು ಒಳಗೊಳಗೇ ಖುಷಿಪಡುತ್ತಿದ್ದಳು. ಮಗಳಿಗೊಂದು ಬದುಕಿನ ದಾರಿ ಆಯಿತು ಎಂದು ನನ್ನ ಗಂಡನ ಮುಂದೆ ಹೇಳಿದ್ದಳಂತೆ.

ಆ ವರ್ಷಗಳಲ್ಲಿ ಮರೆಯಲಾರದವಳು ದನಗಾಹಿ ಜನಾಂಗದ ಒಬ್ಬ ಮುದುಕಿ. ಅವಳ ಭುಜ ಮರಗಟ್ಟಿ ಕೈ ಮೇಲೇಳುತ್ತಿರಲಿಲ್ಲ. ಹಾಲಿನ ಸೋರೆಬುರುಡೆಯನ್ನು ತಲೆಯ ಮೇಲೆ ಇಟ್ಟುಕೊಳ್ಳಲು ಆಗದೆ ಸಂತೆಗೆ ಬರುವುದನ್ನೇ ಬಿಟ್ಟಿದ್ದಳು. ಮಗ ಬೆಲ್ಲೊ ಪ್ರತಿ ಸಂತೆಗೂ ಬೈಕಿನ ಹಿಂದೆ ಕೂರಿಸಿಕೊಂಡು ಬರುತ್ತಿದ್ದ. ಉದ್ದಕ್ಕೆ ತೆಳ್ಳಗಿದ್ದ, ನಾಚಿಕೆಯ ಯುವಕ. ನಾನು ತಿಕ್ಕುವಷ್ಟು ಹೊತ್ತು ಬೇವಿನ ಮರದಡಿ ನಮ್ಮ ಕಡೆ ಬೆನ್ನು ಹಾಕಿ ನಿಂತಿರುತ್ತಿದ್ದ. ಒಂದು ಸಂತೆಯ ದಿನ ಮುದುಕಿ ತಾನೇ ಬುರುಡೆಯನ್ನು ತಲೆಗೇರಿಸಿಕೊಂಡು ನಾಲ್ಕು ಹೆಜ್ಜೆ ನಡೆದು ತೋರಿಸಿದಳು. ಅವನು ಬಾಯಿಗೆ ಕೈ ಅಡ್ಡ ಹಿಡಿದು ಮಗುವಿನ ಹಾಗೆ ನಕ್ಕ. ಮುಂದಿನ ವಾರ ನಮಗೆಂದು ಹುಳಿಹಾಲು ತಂದುಕೊಟ್ಟ.

ಕೆಡುಕು ಒಂದೇ ದಿನ ಬರಲಿಲ್ಲ. ಮೊದಲು ದನಗಳು ಮಾಯವಾದವು. ದನಗಾಹಿಗಳು ಊರವರು ಕದ್ದರೆಂದರು, ಊರವರು ದನಗಾಹಿಗಳ ಹುಡುಗರೇ ಕಾಡು ಸೇರಿದ್ದಾರೆಂದರು. ಊರವರು ಕಾವಲುಪಡೆ ಕಟ್ಟಿದರು, ಆ ಪಡೆಯವರು ಕೆಲವು ದನಗಾಹಿಗಳನ್ನು ಕೊಂದರು, ಅದಕ್ಕೆ ಪ್ರತಿಯಾಗಿ ಒಂದು ಹಳ್ಳಿ ಸುಟ್ಟಿತು. ಯಾರು ಮೊದಲು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಮುದುಕಿ ಸಂತೆಗೆ ಬರುವುದು ನಿಂತಿತು. ಬೈಕಿನ ಸದ್ದು ಕೇಳಿದರೆ ಜನ ಬಾಗಿಲು ಹಾಕಿಕೊಳ್ಳತೊಡಗಿದರು, ಯಾಕೆಂದರೆ ಬಂದೂಕಿನವರು ಬೈಕಿನಲ್ಲೇ, ಗುಂಪು ಗುಂಪಾಗಿ ಬರುತ್ತಿದ್ದರು. ಜನರನ್ನು ಎತ್ತಿಕೊಂಡು ಕಾಡಿಗೆ ಹೋಗಿ, ಮನೆಯವರು ಹಣ ಕೊಟ್ಟರೆ ಬಿಡುತ್ತಿದ್ದರು. ದೂರದ ಹೊಲಗಳಲ್ಲಿ ಬೆಳೆದ ಸಜ್ಜೆ ಕೊಯ್ಯುವವರಿಲ್ಲದೆ ಒಣಗಿ ನಿಂತಿತು. ಸರಕಾರದವರು ಹಲವು ಸಂತೆಗಳನ್ನು ಮುಚ್ಚಿಸಿದರು. ಬಂದೂಕಿನವರು ಮಾತಾಡಿಕೊಳ್ಳದಿರಲೆಂದು ಫೋನಿನ ಟವರುಗಳನ್ನೂ ನಿಲ್ಲಿಸಿದರು. ನಮ್ಮೂರಿಗೆ ಒಂದು ಮಾತು ತಿಳಿಸಲು ದೊಡ್ಡ ಪಟ್ಟಣಕ್ಕೆ ಹೋಗಬೇಕಾಯಿತು. ಇಲ್ಲಿ ಕ್ಯಾಂಪಿನಲ್ಲಿ ನಮ್ಮ ಮಕ್ಕಳು ನಾವು ಬದುಕಿದ್ದೇವೋ ಇಲ್ಲವೋ ತಿಳಿಯದೆ ಕಂಡ ಕಂಡ ದೇವರಿಗೆ ಹರಕೆ ಹೊತ್ತಿದ್ದರಂತೆ.

ಹೊರಟುಬಿಡೋಣ ಎಂದು ನಾವು ತೀರ್ಮಾನಿಸಿದ್ದೆವು. ಇನ್ನೂ ನಡೆಯುತ್ತಿದ್ದ ಒಂದು ಸಂತೆಯಲ್ಲಿ ಉಳಿದ ಎಣ್ಣೆಯನ್ನು ಕೊಟ್ಟುಬಿಡೋಣ ಎಂದು ಕೊನೆಯ ಸಲ ಹೋದೆವು. ಸಾನಿ ಎಂಬವನ ಹಳೆಯ ವ್ಯಾನು. ನಾವಿಬ್ಬರು, ರಕಿಯಾ, ಒಬ್ಬ ವಯಸ್ಸಾದ ದರ್ಜಿ, ಈರುಳ್ಳಿ ಮಾರುವ ಇಬ್ಬರು ಹೆಂಗಸರು. ವಾಪಸು ಬರುವಾಗ ಬಿಸಿಲು ಇನ್ನೂ ನೆತ್ತಿಯ ಮೇಲೇ ಇತ್ತು. ಸಜ್ಜೆಯ ಹೊಲದೊಳಗಿಂದ ಬೈಕುಗಳು ಹೊರಬಂದು ರಸ್ತೆಗೆ ಅಡ್ಡ ನಿಂತವು. ತಲೆಗೂ ಮುಖಕ್ಕೂ ಬಟ್ಟೆ ಸುತ್ತಿದ್ದರು, ಕಣ್ಣಷ್ಟೇ ಕಾಣುತ್ತಿದ್ದವು. ಎಲ್ಲರ ಹೆಗಲಲ್ಲೂ ಬಂದೂಕು. ಇಳಿಯಿರಿ ಎಂದರು, ಇಳಿದೆವು. ಚಪ್ಪಲಿ ಬಿಡಿಸಿ ರಸ್ತೆಯ ಬದಿ ಕೂರಿಸಿದರು. ನೆಲ ಸುಡುತ್ತಿತ್ತು.

ಅವರಲ್ಲೊಬ್ಬ ನನ್ನ ಮುಂದೆ ಬಂದು ನಿಂತ. ಸ್ವಲ್ಪ ಹೊತ್ತು ನೋಡಿ, "ಮಾಮಾ ಇಂಡಿಯಾ" ಎಂದ. ಸಂತೆಯಲ್ಲಿ ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ, ಅಲ್ಲಿ ಮಾಮಾ ಎಂದರೆ ಅಮ್ಮ. ದನಿಯಿಂದ ಗುರುತು ಸಿಕ್ಕಿತು, ಬೆಲ್ಲೊ. ಅಂಥ ಹೊತ್ತಿನಲ್ಲಿ ಬಾಯಿಗೆ ಏನು ಬರುತ್ತದೆ ನೋಡಿ, ನಿನ್ನ ಅಮ್ಮನ ಭುಜ ಹೇಗಿದೆ ಎಂದು ಕೇಳಿದೆ. ಅವನು ತನ್ನವರ ಕಡೆ ತಿರುಗಿ ಏನೋ ಹೇಳಿದ, ಅವರಲ್ಲಿ ಸ್ವಲ್ಪ ವಾದವಾಯಿತು. ಆಮೇಲೆ ನಮ್ಮಿಬ್ಬರಿಗೆ, ಎದ್ದು ನಡೆಯಿರಿ, ಹಿಂದೆ ನೋಡಬೇಡಿ ಎಂದ.

ನಾನು ರಕಿಯಾಳ ಮಣಿಕಟ್ಟು ಹಿಡಿದುಕೊಂಡೇ ಎದ್ದೆ. ಇವಳು ನನ್ನ ಮಗಳು ಎಂದೆ.

"ಸುಳ್ಳು ಹೇಳಬೇಡ ಮಾಮಾ," ಅವನು ಮೆಲ್ಲಗೆ ಹೇಳಿದ. "ಅವಳು ಹಾಜಿಯಾಳ ಮಗಳು. ನಿನ್ನ ಮಗಳಾಗಿದ್ದರೆ ಕಳಿಸುತ್ತಿದ್ದೆ."

ಕೈ ಮುಗಿದೆ, ಕಾಲು ಹಿಡಿಯಲು ಬಗ್ಗಿದೆ. ಇನ್ನೊಬ್ಬ ಬಂದೂಕಿನ ಹಿಡಿಯಿಂದ ನನ್ನ ಹೆಗಲು ತಳ್ಳಿದ. ನನ್ನ ಗಂಡ ನಮ್ಮ ವಾಗ್ರಿ ಮರೆತು ಕನ್ನಡದಲ್ಲೇ ಹೇಳುತ್ತಿದ್ದರು, "ನಡಿ, ಏಳು. ನಾವು ಸತ್ರೆ ಆಕಿಗೆ ಏನ್ ಬಂದಂಗಾತು? ಅವ್ರಮ್ಮಗೆ ಹೇಳಾಕಾದ್ರೂ ಒಬ್ರು ಉಳೀಬೇಕು." ಕೊನೆಗೆ ರಕಿಯಾಳೇ ತನ್ನ ಮಣಿಕಟ್ಟಿನಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಹೋಗು ಮಾಮಾ. ಅಮ್ಮನಿಗೆ ನಾನು ಅಳಲಿಲ್ಲ ಅಂತ ಹೇಳು" ಎಂದಳು. ಬರಿಗಾಲಿನಲ್ಲಿ ನಡೆದೆವು. ಹಿಂದೆ ಬೈಕುಗಳ ಸದ್ದು ಹೊಲದೊಳಗೆ ಹೋಗಿ ಸಣ್ಣದಾಯಿತು.

ಹಾಜಿಯಾ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ನಮ್ಮಿಬ್ಬರ ಬರಿಗಾಲು ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಎಲ್ಲ ಹೇಳಿದೆ. ಅವಳು ಒಲೆಯ ಮೇಲಿದ್ದ ನೀರನ್ನು ತಂದು ನಮ್ಮ ಕಾಲಿಗೆ ಹಾಕಿದಳು. ಅಕ್ಕಪಕ್ಕದ ಹೆಂಗಸರು ಬಂದು ಕೂತ ಮೇಲೂ ಅವಳು ಅಕ್ಕಿ ಆರಿಸುತ್ತಲೇ ಇದ್ದಳು.

ಆಮೇಲೆ ಬಂದೂಕಿನವರು ಒಬ್ಬನ ಕೈಯಲ್ಲಿ ಹೇಳಿ ಕಳಿಸಿ ಹಣ ಕೇಳಿದರು. ಊರವರೆಲ್ಲ ಸೇರಿ ಕೂಡಿಸಿದರು. ಹಾಜಿಯಾ ಕುರಿಗಳನ್ನು ಮಾರಿದಳು, ನಾವು ನಮ್ಮ ಬಳಿ ಇದ್ದದ್ದನ್ನು ಕೊಟ್ಟೆವು. ಇಬ್ಬರು ಹಿರಿಯರು ಕಾಡಿಗೆ ತಲುಪಿಸಿಬಂದರು. ಕೆಲವು ವಾರಗಳ ಮೇಲೆ ಸಾನಿ, ಈರುಳ್ಳಿಯ ಹೆಂಗಸರು ಬಂದರು. ದರ್ಜಿ ಕಾಡಿನಲ್ಲೇ ತೀರಿಹೋಗಿದ್ದ. ರಕಿಯಾ ಬರಲಿಲ್ಲ.

ಯಾಕೆಂದು ಸಾನಿಯೇ ಹೇಳಿದ. ಕಾಡಿನಲ್ಲಿ ಅವರವನೊಬ್ಬ ಬೈಕಿನಿಂದ ಬಿದ್ದು ಬೆನ್ನು ಹಿಡಿದು ನರಳುತ್ತಿದ್ದನಂತೆ. ಆ ನರಳಾಟ ಕೇಳಲಾರದೆ ರಕಿಯಾ ಅವನ ಬೆನ್ನಿಗೆ ಕೈ ಹಾಕಿದಳಂತೆ. ಮರುದಿನ ಅವನು ಎದ್ದು ಕೂತ. ಆಮೇಲೆ ಒಬ್ಬರಾದ ಮೇಲೊಬ್ಬರು ಅವಳ ಮುಂದೆ ಬಂದು ಕೂತರು. ಬಿಡುವ ದಿನ ಬಂದಾಗ, ಇವಳು ನಮಗೆ ಬೇಕು, ಇವಳ ಕೈಯಲ್ಲಿ ಗುಣವಿದೆ ಎಂದು ಉಳಿಸಿಕೊಂಡರು.

ಸಾನಿ ಹೇಳಿ ಮುಗಿಸಿದಾಗ ಹಾಜಿಯಾ ನನ್ನನ್ನು ನೋಡಿದಳು. ಅಷ್ಟು ದಿನದಲ್ಲಿ ಮೊದಲ ಸಲ ಅವಳ ದನಿ ಏರಿತು. "ಆ ಕೆಲಸವನ್ನು ನೀನು ಅವಳಿಗೆ ಯಾಕೆ ಕಲಿಸಿದೆ?" ಎಂದಳು. ನನ್ನನ್ನು ಬಿಡಿಸಿದ್ದು ಅದೇ ಕೆಲಸ, ಅವಳನ್ನು ಹಿಡಿದಿಟ್ಟದ್ದೂ ಅದೇ ಕೆಲಸ. ಕೋಣೆಗೆ ಹೋಗಿ ಮುಸುಕು ಹಾಕಿ ಮಲಗಿದೆ. ಸಂಜೆ ಹಾಜಿಯಾ ಬಂದು ನನ್ನ ಚಾಪೆಯ ತುದಿಯಲ್ಲಿ ಕೂತಳು. ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಗಂಜಿಯ ಬಟ್ಟಲನ್ನು ನನ್ನ ಪಕ್ಕ ಸರಿಸಿ, ನಾನು ಕುಡಿಯುವವರೆಗೂ ಕೂತಿದ್ದಳು. ನೀವು ನಿಮ್ಮ ಮಕ್ಕಳ ಹತ್ತಿರ ಹೋಗಿ ಎಂದು ನಮ್ಮನ್ನು ಹೊರಡಿಸಿದವಳೂ ಅವಳೇ.

ಚನ್ನಗಿರಿಗೆ ಬಂದ ಮೇಲೆ ಕ್ಯಾಂಪಿನವರು ಊಟ ಹಾಕಿಸಿದರು, ದೇವರ ಮುಂದೆ ಕಾಯಿ ಒಡೆದರು. ಅದೃಷ್ಟ ದೊಡ್ಡದು ಅಂದವರಿಗೆಲ್ಲ ಇವರೇ ಉತ್ತರ ಕೊಟ್ಟರು. ಸಂತೇಬೆನ್ನೂರಿನ ಸಂತೆಗೆ ಒಮ್ಮೆ ಹೋದೆ. ಒಬ್ಬ ಹೆಂಗಸು ಸೆರಗು ಸರಿಸಿ ಬೆನ್ನು ತೋರಿಸಿದಳು. ಕೈ ಮುಂದೆ ಬರಲಿಲ್ಲ. ಇವತ್ತು ಎಣ್ಣೆ ಮುಗಿದಿದೆ ತಾಯಿ ಎಂದು ಸುಳ್ಳು ಹೇಳಿ, ಬಾಟಲಿಗಳ ಚೀಲ ಹೊತ್ತುಕೊಂಡು ಬಸ್ಸು ಹತ್ತಿದೆ.

ಟವರುಗಳು ಮತ್ತೆ ಕೆಲಸ ಮಾಡತೊಡಗಿದ ಮೇಲೆ ಸಾನಿ ಫೋನು ಮಾಡುತ್ತಿದ್ದ. ಒಂದು ಸಲ ಮಾಡಿದಾಗ ಹಾಜಿಯಾ ತೀರಿಹೋದ ಸುದ್ದಿ ಹೇಳಿದ. ಚಳಿಗಾಲದಲ್ಲಿ ಜ್ವರ ಬಂದು ಮಲಗಿದವಳು ಏಳಲಿಲ್ಲವಂತೆ. ಅದಾಗಿ ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ಫೋನು ಬಂತು. ರಕಿಯಾ ಬಂದಿದ್ದಾಳೆ, ಒಬ್ಬಳೇ ನಡೆದು ಬಂದಿದ್ದಾಳೆ ಎಂದ. ನಾನು ಅಂಗಳಕ್ಕೆ ಓಡಿಬಂದು ಇವರಿಗೆ ಹೇಳಿದೆ. ಇವರು ಗೋಡೆಗೆ ಒರಗಿ ಕೂತು ಬಹಳ ಹೊತ್ತು ಕಣ್ಣು ಒರೆಸಿಕೊಂಡರು.

ಹೋಗುವವರಿಗೆ ನಾನು ಹೋಗಬೇಡಿ ಅನ್ನುವುದಿಲ್ಲ. ನಮ್ಮ ಜನಕ್ಕೆ ಇಲ್ಲಿ ಹೊಲವೆಷ್ಟಿದೆ, ಕೆಲಸವೆಷ್ಟಿದೆ ಎಂದು ಗೊತ್ತು. ಆದರೆ ಹೊರಡುವ ಮುಂಚೆ ಆ ಕಡೆಯ ದಾರಿಗಳ ಸುದ್ದಿ ಕೇಳಿಕೊಳ್ಳಿ. ಸಂತೆಗೆ ದನ ಬರುವುದು ನಿಂತರೆ, ದೂರದ ಹೊಲಕ್ಕೆ ಜನ ಹೋಗುವುದು ನಿಂತರೆ, ಮಾಲು ಉಳಿದಿದೆ ಎಂದು ಕಾಯಬೇಡಿ. ನೀವು ಇಳಿದುಕೊಂಡ ಮನೆಯ ಜನರನ್ನು ಬರಿಯ ಗಿರಾಕಿಗಳೆಂದು ನೋಡಬೇಡಿ. ನೀವು ವಿಮಾನ ಹತ್ತಿ ಬರುತ್ತೀರಿ, ಅವರು ಅಲ್ಲೇ ಇರಬೇಕು.

ಕೊನೆಯ ಸಲ ನಾನು ಹೋದದ್ದು ವ್ಯಾಪಾರಕ್ಕಲ್ಲ, ಅವಳನ್ನು ನೋಡಲು. ಇವರೂ ಬಂದರು. ರಕಿಯಾ ಆಗ ದೊಡ್ಡ ಪಟ್ಟಣದಲ್ಲಿ ಅಣ್ಣನ ಮನೆಯಲ್ಲಿದ್ದಳು. ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ನನ್ನನ್ನು ನೋಡಿ ಎದ್ದಳು, ಓಡಿ ಬರಲಿಲ್ಲ. ಹತ್ತಿರ ಹೋದಾಗ ಒಂದು ಹೆಜ್ಜೆ ಹಿಂದೆ ಸರಿದು, "ಆ ವಾಸನೆ ಮಾಮಾ" ಎಂದಳು. ಒಂದು ಬಾಟಲಿಯನ್ನೂ ಒಯ್ದಿರಲಿಲ್ಲ. ವರ್ಷಗಟ್ಟಲೆ ಹಚ್ಚಿದ ಎಣ್ಣೆ ನನ್ನ ಸೀರೆಯಲ್ಲಿ, ಚರ್ಮದಲ್ಲಿ ಉಳಿದಿತ್ತೇನೋ. ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡು, ಅವಳ ಅತ್ತಿಗೆಯ ಬಟ್ಟೆ ಸುತ್ತಿಕೊಂಡು ಬಂದು ಸ್ವಲ್ಪ ದೂರದಲ್ಲಿ ಕೂತೆ.

ಮಧ್ಯಾಹ್ನದವರೆಗೂ ಶೇಂಗಾ ಸುಲಿದೆವು. ಕಾಡಿನಲ್ಲಿ ಏನಾಯಿತು ಎಂದು ನಾನು ಕೇಳಲಿಲ್ಲ. ಅತ್ತಿಗೆ ಒಳಗೆ ಹೋದಾಗ ಅವಳೇ ಹೇಳಿದಳು. ಬೆಲ್ಲೊನಿಗೆ ಹೊಟ್ಟೆಗೆ ಗುಂಡು ಬಿದ್ದಿತ್ತಂತೆ. ಎತ್ತಿಕೊಂಡು ಬಂದು ಅವಳ ಮುಂದೆ ಮಲಗಿಸಿ, ಗುಣಮಾಡು ಎಂದರಂತೆ. ಇದು ಆಸ್ಪತ್ರೆಯ ಕೆಲಸ ಎಂದು ಅವಳು ಹೇಳಿದಳಂತೆ, ಯಾರೂ ಕೇಳಲಿಲ್ಲ. ಅವನ ತಾಯಿಯನ್ನು ಊರಿನ ಕಾವಲುಪಡೆಯವರು, ಅವನು ನಮ್ಮನ್ನು ಅಡ್ಡಗಟ್ಟುವ ಮೊದಲೇ, ಕೊಂದಿದ್ದರು. ಅವನು ಜ್ವರದಲ್ಲಿ ಅಮ್ಮನನ್ನೇ ಕರೆಯುತ್ತಿದ್ದನಂತೆ. ಅಮ್ಮನ ಭುಜವನ್ನು ಮಾಮಾ ಇಂಡಿಯಾ ತಿಕ್ಕುತ್ತಿದ್ದಳಲ್ಲ, ಹಾಗೆ ತಿಕ್ಕು ಎಂದು ರಕಿಯಾಳನ್ನು ಬೇಡಿಕೊಂಡ. ಅವಳು ತಿಕ್ಕಿದಳು. ಅವನ ಉಸಿರು ನಿಂತ ಮೇಲೆ ಉಳಿದವರು ಅವನನ್ನು ಹೂಳಲು ಹೋದರು, ಇವಳನ್ನು ಕಾಯಲು ಯಾರೂ ಇರಲಿಲ್ಲ. ಎದ್ದು ನಡೆಯತೊಡಗಿದಳು.

"ಅವತ್ತು ನನಗೆ ಅಳು ಬಂತು ಮಾಮಾ," ಎಂದಳು. "ನನ್ನನ್ನು ಹಿಡಿದಾಗ ಅಳಲಿಲ್ಲ. ಅಮ್ಮ ಸತ್ತಳೆಂದು ತಿಳಿದಾಗಲೂ ಕಣ್ಣೀರು ಬರಲಿಲ್ಲ. ಅತ್ತದ್ದು ಅವನಿಗಾಗಿ. ಇಲ್ಲಿ ಯಾರಿಗೂ ಹೇಳಬೇಡ. ನಿನ್ನ ಊರಲ್ಲಿ ಬೇಕಾದರೆ ಹೇಳು."

ಸುಲಿದ ಬೀಜವನ್ನು ಅವಳ ಮೊರಕ್ಕೆ ಸುರಿದೆ.

ಹೊರಡುವಾಗ ನೆಲದಿಂದ ಏಳಲು ಹೋದರೆ ನನ್ನ ಮಂಡಿ ಹಿಡಿದುಕೊಂಡಿತು. ಅವಳು ಬಂದಳು. ಕಾಡಿನಿಂದ ಬಂದ ಮೇಲೆ ಅವಳು ಯಾರನ್ನೂ ಅಂಗೈಯಿಂದ ಮುಟ್ಟುವುದಿಲ್ಲ, ಅಣ್ಣನ ಕೂಸನ್ನೂ ಎತ್ತಿಕೊಳ್ಳುವುದಿಲ್ಲ ಎಂದು ಅತ್ತಿಗೆ ಮೊದಲೇ ಹೇಳಿದ್ದಳು. ಎರಡೂ ಅಂಗೈಗಳನ್ನು ಮುಷ್ಟಿ ಕಟ್ಟಿ ಎದೆಗೆ ಒತ್ತಿಕೊಂಡು, ಬಗ್ಗಿ ನನಗೆ ಮೊಣಕೈ ಕೊಟ್ಟಳು. ಅದನ್ನೇ ಹಿಡಿದುಕೊಂಡು ಎದ್ದು, ಬಿಡದೆ ಬಾಗಿಲವರೆಗೂ ನಡೆದೆ.